ಗಾರೆ ಒಣಗುವ ಮುನ್ನ

ಮನಾಮದ ಗುದೈಬಿಯಾದಲ್ಲಿ, ಟೈಪಿಂಗ್ ಸೆಂಟರಿನ
ಶಟರು ಅರ್ಧ ಇಳಿಸಿಕೊಂಡು ಕೂತಿದ್ದೆ, ಭಾನುವಾರ ರಾತ್ರಿ.
ಎದುರಿಗೆ ಹೊಸ ಯಂತ್ರ. ಅದರೊಳಗೆ
ಲೋಕಕ್ಕಿನ್ನೂ ಬಿಡುಗಡೆಯಾಗದ ವ್ಯವಸ್ಥೆ.
ಅರಬಾಬನ ಸೋದರಳಿಯ ನವಾಫ್ ಮುನ್ನಾದಿನ ಬಂದು
"ಎಲ್ಲರಿಗಿಂತ ಮೊದಲು ನಮಗೆ" ಅಂತ ಹಾಕಿಕೊಟ್ಟು
ಸೇತುವೆ ದಾಟಿ ಖೋಬರಿಗೆ ಹೋಗಿದ್ದ.

ನಮ್ಮ ಫಾರಂ ಪ್ರೋಗ್ರಾಮಿನ ಪರಿಚಯ ಅದಕ್ಕಿಲ್ಲ.
ಬರೆದದ್ದು ವೇಲಾಯುಧನ್, ಇದೇ ಕುರ್ಚಿಯಲ್ಲಿ, ಹದಿನೇಳು ವರ್ಷದ ಹಿಂದೆ;
ಊರಿಗೆ ಹೋಗುವಾಗ ಒಂದು ಪಾಸ್‌ವರ್ಡ್ ಬಿಟ್ಟು
ಬೇರೇನೂ ಬಿಟ್ಟುಹೋಗಲಿಲ್ಲ.
ಹಳೆಯ ವಿಂಡೋಸಿನ ಹೊರಗೆ ಅದು ಉಸಿರಾಡುವುದಿಲ್ಲ.
ಹಾಗಾಗಿ ಯಂತ್ರದೊಳಗೊಂದು ಯಂತ್ರ,
ಬಾಡಿಗೆ ಮನೆಯೊಳಗೊಂದು ಒಳಬಾಡಿಗೆ.

ಇದು ನನಗೆ ಹೊಸ ಲೆಕ್ಕವಲ್ಲ.
ನಾನಿರುವ ಫ್ಲಾಟಿನ ಹಾಲಿನಲ್ಲಿ ಪ್ಲೈವುಡ್ಡಿನ ಪಾರ್ಟಿಷನ್ ನಾಲ್ಕು.
ಒಂದರಲ್ಲಿ ನಾನು, ಒಂದರಲ್ಲಿ ಗಂಗೊಳ್ಳಿಯ ಸಂಜೀವ ಖಾರ್ವಿ,
ಉಳಿದೆರಡರಲ್ಲಿ ಇರುವವರನ್ನು ಕೆಮ್ಮಿನಿಂದ ಬಲ್ಲೆ.
ಪ್ರತಿಯೊಬ್ಬನಿಗೂ ಒಂದು ಬಾಗಿಲು, ಒಂದು ಪ್ಲಗ್ಗು;
ಚಿಲಕ ಹಾಕಿದರೆ ಇಡೀ ಮನೆ ತನ್ನದೇ.
ಒಳಗಿನ ಯಂತ್ರಕ್ಕೂ ಹಾಗೇ ನಂಬಿಸಬೇಕು:
ಈ ಎರಡು ಜಿಬಿಯೇ ಜಗತ್ತು, ಈ ಡಿಸ್ಕು ನಿಜವಾದ ಡಿಸ್ಕು,
ಹೊರಗೆ ಯಾರೂ ಇಲ್ಲ.
ನಂಬಿದರೆ ಮಾತ್ರ ಏಳುತ್ತದೆ.

ಏಳಲಿಲ್ಲ.
ಒಮ್ಮೆ ಕಪ್ಪು ಪರದೆ. ಒಮ್ಮೆ ಕೆಂಪು ಅಕ್ಷರ:
ಈ ಆವೃತ್ತಿಯ ಮೇಲೆ ಓಡಿಸಲಾಗದು.
ಮೂರನೆಯ ಸಲ ಹೊರಗಿನದೂ ಒಳಗಿನದೂ ಕೂಡಿಯೇ ಬಿದ್ದವು,
ಬಾಡಿಗೆಯವನ ಜೊತೆ ಮನೆಯೂ.
ಗಾರೆ ಒಣಗದ ಗೋಡೆಗೆ ಮೊಳೆ ಹೊಡೆದವನು ನಾನು,
ಯಾರನ್ನು ಬಯ್ಯಲಿ?
ಮತ್ತೆ ಎಬ್ಬಿಸಿದಾಗ ಮೂಲೆಯಲ್ಲೊಂದು ಸಣ್ಣಕ್ಷರ:
ಇದು ಪರೀಕ್ಷಾ ಪ್ರತಿ, ಇಂಥ ತಾರೀಕಿಗೆ ಮುಗಿಯುತ್ತದೆ.
ಮನೆಗೂ ವೀಸಾ ಇದೆಯಲ್ಲಪ್ಪ ಅಂತ ಒಬ್ಬನೇ ನಕ್ಕೆ.
ಏಸಿಯ ನೀರು ಹಾಲಿನಪುಡಿ ಡಬ್ಬಿಗೆ ತೊಟ್ಟಿಕ್ಕುತ್ತಿತ್ತು.

ಗಂಟೆ ಒಂದಾದ ಮೇಲೆ ಒಂದೊಂದೇ ಕಳಚಿದೆ.
ಸದ್ದು ಬೇಡ, ನೆಟ್ ಬೇಡ, ಯುಎಸ್‌ಬಿ ಬೇಡ,
ಪ್ರೊಸೆಸರ್ ಒಂದು ಸಾಕು.
ಕಾಗದ ದಾಟಿಸಲು ಒಂದು ಹಂಚಿಕೆಯ ಫೋಲ್ಡರು,
ಅಷ್ಟೇ ಕಿಂಡಿ.
ಎದ್ದಿತು.
ಹುಲ್ಲುಗುಡ್ಡ, ಮೇಲೆ ನೀಲಿ, ಆ ಹಳೆಯ ಚಿತ್ರ;
ಇಷ್ಟು ವರ್ಷ ಈ ದ್ವೀಪದಲ್ಲಿ ಅಷ್ಟು ಹಸಿರನ್ನು
ನಾನು ನೋಡಿದ್ದು ಆ ಚೌಕದಲ್ಲೇ.

ಬೆಳಿಗ್ಗೆ ಏಳಕ್ಕೆ ಮೊಫಿಜುಲ್ ಬಂದ, ಸಿಲ್ಹೆಟ್ಟಿನವನು,
ಉಗುರಿನ ಸಂದಿಯಲ್ಲಿ ಸಿಮೆಂಟು, ಪ್ಲಾಸ್ಟಿಕ್ ಚೀಲದಲ್ಲಿ ಪಾಸ್‌ಪೋರ್ಟು.
ತುಂಬಿದೆ. ಕೆಳಗಿನ ಸಾಲು
ಪ್ರೋಗ್ರಾಮು ತಾನೇ ಲೆಕ್ಕ ಹಾಕಿ ಬರೆಯಿತು:
ಉಳಿದ ದಿನ, ಎರಡು.
ಪ್ರಿಂಟು ಕೈಗೆ ಬಂದದ್ದೇ ಅವನ ಭುಜ ಇಳಿಯಿತು.
"ಮುಗಿದುಹೋಯಿತು ಅಂದಿದ್ದರಲ್ಲ ಮುದೀರ್!"

ಮುಗಿದೇ ಹೋಗಿತ್ತು, ಶನಿವಾರಕ್ಕೆ.
ಒಳಗಿನ ಯಂತ್ರ ಕೊನೆಗೆ ಮಲಗಿದ್ದು ಗುರುವಾರ;
ಅದಕ್ಕೆ ಇನ್ನೂ ಗುರುವಾರವೇ.
ಹೊರಗೆ ಗಂಟೆ ಎಷ್ಟು ಅಂತ ಕೇಳುವ ಕೊಂಡಿಯನ್ನೂ
ಬೇಡವೆಂದು ರಾತ್ರಿ ನಾನೇ ತೆಗೆದಿದ್ದೆ.

ಮೂಲೆಯ ಗಡಿಯಾರದ ಮೇಲೆ ಮೌಸ್ ಇಟ್ಟೆ.
ಅವನು ನೋಡುತ್ತಿದ್ದ.
ಗುರುವಾರ, ಶುಕ್ರವಾರ, ಶನಿವಾರ,
ಒಂದೊಂದು ಒತ್ತಿಗೂ ಟಿಕ್ ಎನ್ನಬೇಕಿತ್ತು,
ಸದ್ದು ಕಳಚಿದ್ದೆನಲ್ಲ.
ಎರಡನೆಯ ಪ್ರಿಂಟು. ಅವನು ಎರಡನ್ನೂ ಪಕ್ಕಪಕ್ಕ ಹಿಡಿದ.

"ಈ ಮಿಷನ್ನು ಸರಿ ಇದೆಯಾ ಭಾಯಿ?"
ಹೊಸದು, ಇನ್ನೂ ಪರೀಕ್ಷೆಯಲ್ಲಿದೆ ಅಂದೆ.
"ಹಾಗಾದರೆ ಮೊದಲನೆಯದೇ ಸರಿ ಇರಬಹುದು."
ಇರಲಾರದು ಅಂದೆ, ದುಡ್ಡು ಒಂದಕ್ಕೇ ತೆಗೆದುಕೊಂಡೆ.
ಯಾವ ಕೌಂಟರಿನಲ್ಲೂ ನಡೆಯದ ಆ ಕಾಗದವನ್ನು
ಅವನು ಎಸೆಯಲಿಲ್ಲ; ನಾಲ್ಕು ಮಡಿಕೆ ಮಾಡಿ
ಪಾಸ್‌ಪೋರ್ಟಿನ ರಟ್ಟಿನೊಳಗೆ ಇಟ್ಟುಕೊಂಡ.

ಖೋಬರಿನಿಂದ ನವಾಫನ ಮೆಸೇಜು:
ಇವತ್ತು ಇನ್ನೊಂದು ಬಂದಿದೆ, ಮೊನ್ನೆಯದಕ್ಕಿಂತ ಹೊಸದು.
ಸಂಜೆ ಬಂದು ಹಾಕಲಾ?